ಮನೆಯ ಮುಂದಿನ ಷೆಡ್ಡು ಯಾರದು?



ಕಳೆದ ಮಳೆಗಾಲದಲ್ಲಿ ಬೀದರ ನಗರದ ಒಂದು ಭಕ್ತ ಕುಟುಂಬದ ಅಣ್ಣತಮ್ಮಂದಿರು ಮಠಕ್ಕೆ ಬಂದಿದ್ದರು. ಅವರ ಹೊಲ ಪಾಲಾಗಿ ವರ್ಷಗಳಾಗಿವೆ, ಅದರಲ್ಲಿ ತಕರಾರಿಲ್ಲ. ತಕರಾರು ಇದ್ದುದು ಮನೆಯ ಮುಂದೆ 12 ಅಡಿ ಅಗಲ, 20 ಅಡಿ ಉದ್ದದ ಒಂದು ತಗಡಿನ ಷೆಡ್ಡಿನ ಬಗ್ಗೆ. ಅಣ್ಣನವರು ಕಾರು ಕೊಂಡಿದ್ದಾರೆ. ತಮ್ಮನವರು ಭಾಲ್ಕಿ ತಾಲ್ಲೂಕಿನ ಹೊಲದಿಂದ ಬಂದ ಸೋಯಾ ಮತ್ತು ತೊಗರಿಯ ಚೀಲಗಳನ್ನು ದರ ಏರುವವರೆಗೆ ಅಲ್ಲಿಯೇ ಒಟ್ಟುತ್ತಾರೆ. ನಡುವೆ ಗೋಡೆ ಎಬ್ಬಿಸಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತ. ಗೋಡೆ ಎಲ್ಲಿ ಬರಬೇಕೆಂಬುದೇ ಜಗಳ. ಪೂಜ್ಯರು ನನ್ನನ್ನು ಹೋಗಿ ನೋಡಿಬರಲು ಕಳುಹಿಸಿದರು.

ಹೋಗಿ ನೋಡಿದೆ. ಕಾರು ಓಣಿಯಲ್ಲಿ ಮಳೆಗೆ ನೆನೆಯುತ್ತಿತ್ತು. ಒಳಗೆ ಹಿಂದಿನ ವರ್ಷದ ಚೀಲಗಳು ಗೋಡೆಗೆ ಆನಿಕೊಂಡಿದ್ದವು. ಅವುಗಳ ಹಿಂದೆ ಕೆಟ್ಟುನಿಂತ ಎರಡು ಕೂಲರ್, ಒಂದು ತೊಟ್ಟಿಲು, ಮದುವೆಯಾಗಿ ಔರಾದಿಗೆ ಹೋದ ತಂಗಿಯ ಉಕ್ಕಿನ ಕಪಾಟು. ಬಾಗಿಲ ಬಳಿ ಒಂದು ಮಂಚ. ಅದರ ಮೇಲೆ ಅವರ ತಾಯಿ ಕುಳಿತಿದ್ದರು. "ಮಧ್ಯಾಹ್ನ ಇಲ್ಲಿ ಗಾಳಿ ಬರ್ತದ್ರಿ, ಹೋಗೋರು ಬರೋರು ಮಾತಾಡಸ್ತಾರ" ಎಂದರು. ಅಣ್ಣತಮ್ಮಂದಿರು ನನಗೆ ತೋರಿಸಲು ಬೇರೆಬೇರೆಯಾಗಿ ಬರೆದಿಟ್ಟಿದ್ದ ಎರಡು ನಕ್ಷೆಗಳಲ್ಲಿಯೂ ಆ ಮಂಚವಿರಲಿಲ್ಲ.

ಮೊದಲು ಲೆಕ್ಕದ ಮಾತು. 12 ಅಡಿಯನ್ನು ಸರಿಯಾಗಿ ಹಂಚಿದರೆ 6 ಅಡಿ. ಅದರಲ್ಲಿ ಗೋಡೆಯೂ ಸ್ವಲ್ಪ ತಿನ್ನುತ್ತದೆ. ಸಾಧಾರಣ ಕಾರಿನ ಅಗಲವೇ ಐದೂವರೆ ಅಡಿಯಷ್ಟು. ಕಾರು ಒಳಗೆ ಹೋದೀತು, ಬಾಗಿಲು ತೆರೆದು ಇಳಿಯುವವರು ಯಾರು? ಸಮಪಾಲೆಂಬುದು ಇಲ್ಲಿ ಇಬ್ಬರ ಕೈಗೂ ಉಪಯೋಗಕ್ಕೆ ಬಾರದ ಎರಡು ಓಣಿಗಳನ್ನು ಕೊಡುತ್ತದೆ. ಗೋಡೆ ಕಟ್ಟಿದರೆ ಜಗಳ ನಿಲ್ಲುತ್ತದೆ ಎನ್ನುವ ಹಿರಿಯರು ಇದ್ದಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯಲಾರೆ. ಹೊಲದ ವಿಷಯದಲ್ಲಿ ಬದು ಬೇಕೇ ಬೇಕು. ಆದರೆ ಷೆಡ್ಡು ಹೊಲವಲ್ಲ. ಅದನ್ನು ಅಡಿಗಳಿಂದ ಹಂಚುವುದು ತಪ್ಪು, ಕಾಲದಿಂದ ಹಂಚಬೇಕು ಎಂಬುದು ನನ್ನ ಅಭಿಪ್ರಾಯ.

ಈ ಜಾಗಕ್ಕೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ. ಗ್ಯಾರೇಜು ಎಂದರೆ ನಮ್ಮ ಜನಕ್ಕೆ ಗಾಡಿ ರಿಪೇರಿಯ ಅಂಗಡಿ. ಮೂಲದ ಫ್ರೆಂಚ್ ಶಬ್ದಕ್ಕಾದರೋ ಆಸರೆಗೆ ನಿಲ್ಲಿಸುವುದೆಂಬ ಅರ್ಥವಿದೆ. ಅಂತಹ ಆಸರೆ ನಮ್ಮ ಹಳೆಯ ಮನೆಗಳಲ್ಲಿ ಕೊಟ್ಟಿಗೆಯಾಗಿತ್ತು. ಭಾಲ್ಕಿ, ಔರಾದ ಕಡೆಯ ಕೊಟ್ಟಿಗೆಗಳಲ್ಲಿ ದೇವಣಿ ಎತ್ತುಗಳು ನಿಂತ ಗೋದಲಿಗಳ ಮುಂದೆ ಈಗ ಟ್ರ್ಯಾಕ್ಟರ್ ನಿಂತಿದೆ. ಕೊಟ್ಟಿಗೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಹಾಲು ಒಂದೇ ಅಡುಗೆಮನೆಗೆ ಹೋಗುತ್ತಿತ್ತು. ಎತ್ತಿಗೆ ಆರ್.ಸಿ. ಪುಸ್ತಕವಿರಲಿಲ್ಲ. ವಾಹನ ಒಬ್ಬರ ಹೆಸರಿನಲ್ಲಿಯೇ ಇರುತ್ತದೆ. ಅದು ನಿಲ್ಲುವ ನೆಲವೂ ತನ್ನದೇ ಎಂಬ ಭಾವನೆ ಅದರ ಬೆನ್ನಿಗೇ ಬರುತ್ತದೆ.

ಇದು ನಮ್ಮೂರಿನ ಬಡತನದ ಸಮಸ್ಯೆಯೆಂದು ತಿಳಿಯಬಾರದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ವಿದ್ವಾಂಸರು 32 ಮಧ್ಯಮವರ್ಗದ ಕುಟುಂಬಗಳ ಮನೆಗಳನ್ನು ಹೊಕ್ಕು ಅಧ್ಯಯನ ಮಾಡಿ 2012ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿಯ ನಾಲ್ಕು ಗ್ಯಾರೇಜುಗಳಲ್ಲಿ ಮೂರರಲ್ಲಿ ಸಾಮಾನು ತುಂಬಿ ಕಾರಿಗೆ ಸ್ಥಳವೇ ಉಳಿದಿರಲಿಲ್ಲ. ಜಪಾನಿನಲ್ಲಿಯೋ 1962ರಿಂದಲೇ ಒಂದು ಕಾನೂನು ಇದೆ: ಕಾರು ನಿಲ್ಲಿಸಲು ಸ್ಥಳವಿದೆಯೆಂದು ಮೊದಲು ತೋರಿಸಬೇಕು, ಆಮೇಲೆ ಕಾರು. ನಮ್ಮಲ್ಲಿ ಕಾರು ಮೊದಲು, ಸ್ಥಳದ ಜಗಳ ಆಮೇಲೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದುಬರಲು ಹೇಳಿದರು. ಇದನ್ನು ನಾವು ಆಸೆಯ ಖಂಡನೆಯೆಂದು ವ್ಯಾಖ್ಯಾನಿಸುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಮನೆ ನಡೆಸುವವರ ಕಣ್ಣಿನಿಂದ ನೋಡಿದರೆ ಇನ್ನೊಂದು ಅರ್ಥವೂ ತೋರುತ್ತದೆ. ಹೆಚ್ಚಾದ ಅಕ್ಕಿ ಇರಲು ಒಂದು ಮೂಲೆಯನ್ನೂ ಕೇಳುತ್ತದೆ; ಆ ಮೂಲೆಯಲ್ಲಿ ಅದುವರೆಗೆ ಯಾರೋ ಕುಳಿತಿರುತ್ತಾರೆ.

ತಂಗಿಯ ಕಪಾಟಿನ ಮಾತು ಬಂದಾಗ ಇಬ್ಬರೂ ಅದನ್ನು "ಅಡಗಲ ಸಾಮಾನು" ಎಂದರು. ನಾನು ಒಪ್ಪಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ ತನ್ನ 2ನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತರನ್ನು ಹೆಸರಿಸುತ್ತದೆ. ಅದು ನಮಗೂ ಅನ್ವಯ. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲವೆಂದಿದ್ದ 23ನೆಯ ಕಲಮನ್ನು 2005ರ ತಿದ್ದುಪಡಿ ತೆಗೆದುಹಾಕಿತು. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಷೆಡ್ಡನ್ನು ಎರಡು ಪಾಲು ಮಾಡಲು ಹೊರಟವರು ಮೂರನೆಯವರನ್ನು ಕರೆದು ಕೇಳಿದ್ದಾರೆಯೆ? ಈ ಪ್ರಶ್ನೆಗೆ ಅಂದು ಉತ್ತರ ಬರಲಿಲ್ಲ. ಸೊಸೆಯರಿಬ್ಬರೂ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

ನನ್ನನ್ನು ಗಾಬರಿಗೊಳಿಸಿದ್ದು ಬೇರೊಂದು ಸಂಗತಿ. ಚೀಲಗಳ ನಡುವೆ ಹುಳುವಿಗೆಂದು ಗುಳಿಗೆ ಇಡುವ ವಿಚಾರ ತಮ್ಮನವರಿಗಿತ್ತು. ಕಾಳಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಜನ ಮಲಗುವ ಮನೆಗೆ ಹೊಂದಿದ ಷೆಡ್ಡಿನಲ್ಲಿ ಅದನ್ನು ಇಡಲೇಬಾರದು. ತರಬೇತಿ ಪಡೆದವರು ಉಗ್ರಾಣದಲ್ಲಿ ಬಳಸತಕ್ಕ ವಸ್ತು ಅದು. ಮುಚ್ಚಿದ ಷೆಡ್ಡಿನಲ್ಲಿ ಕಾರಿನ ಇಂಜಿನ್ ಚಾಲೂ ಇಟ್ಟರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದೂ ಅಷ್ಟೇ ಘಾತಕ. ಪೆಟ್ರೋಲಿನ ಡಬ್ಬಿ, ಬೆಳೆಗೆ ಹೊಡೆಯುವ ಔಷಧಿ, ತಿನ್ನುವ ಕಾಳು ಒಂದೇ ಕಡೆ ಇರಬಾರದು. ಆ ಮಂಚವಂತೂ ಇವುಗಳ ನಡುವೆಯೇ ಇತ್ತು.

ಕಾಲದ ಹಂಚಿಕೆ ಹೀಗಾಯಿತು. ಸೋಯಾ ರಾಶಿಯಾಗುವುದು ದಸರೆಯ ಸುಮಾರಿಗೆ, ತೊಗರಿ ಸಂಕ್ರಾಂತಿಯ ಆಚೀಚೆ. ಕಾರಿಗೆ ಸೂರು ಬೇಕಾದುದು ಬಿರುಬಿಸಿಲಿನಲ್ಲಿ, ಮಳೆಯಲ್ಲಿ. ಆದ್ದರಿಂದ ದಸರೆಯಿಂದ ಯುಗಾದಿಯವರೆಗೆ ಚೀಲ, ಯುಗಾದಿಯಿಂದ ದಸರೆಯವರೆಗೆ ಕಾರು. ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇರಬೇಕು. ಕಾಳಿನ ತೇವ ಶೇಕಡಾ 12ಕ್ಕಿಂತ ಕಡಿಮೆಯಿರಬೇಕು. ಯುಗಾದಿಯ ಮೇಲೂ ದರಕ್ಕಾಗಿ ಕಾಯುವೆನೆನ್ನುವವರು ಉಗ್ರಾಣದಲ್ಲಿ ಇಡಬಹುದು. ಉಗ್ರಾಣದ ರಸೀದಿಯ ಮೇಲೆ ಬ್ಯಾಂಕಿನ ಸಾಲವೂ ದೊರೆಯುತ್ತದೆ. ತಮ್ಮನವರಿಗೆ ಇದು ಪೂರ್ಣ ಸಮಾಧಾನ ತಂದಿಲ್ಲ, ಬಾಡಿಗೆ ಕೊಡಬೇಕಲ್ಲ ಎಂದರು. ಆ ಬಾಡಿಗೆಯಲ್ಲಿ ಅರ್ಧ ಅಣ್ಣನವರು ಕೊಡಲೆಂದು ತಾಯಿ ಹೇಳಿದರು. ಬಾಗಿಲ ಬಳಿಯ ಆರಡಿ ವರ್ಷವಿಡೀ ಮಂಚದ್ದು. ಯುಗಾದಿಯಿಂದ ಯುಗಾದಿಗೆ ಒಮ್ಮೆಯೂ ಯಾರೂ ಮುಟ್ಟದ ವಸ್ತು ಷೆಡ್ಡಿನಿಂದ ಹೊರಗೆ. ಕಪಾಟಿನ ನಿರ್ಧಾರ ಮಾತ್ರ ತಂಗಿಯದು.

ಈ ನಿಯಮವನ್ನು ಹೇಳಿ ಮಠಕ್ಕೆ ಮರಳುವಾಗ ನನಗೇ ನಾಚಿಕೆಯಾಯಿತು. ಔರಾದ ತಾಲ್ಲೂಕಿನ ನಮ್ಮ ಮನೆಯ ಷೆಡ್ಡಿನಲ್ಲಿ ನನ್ನ ಎಂ.ಎ. ಟಿಪ್ಪಣಿಗಳ ಟ್ರಂಕು ಹತ್ತು ವರ್ಷಗಳಿಂದ ಕುಳಿತಿದೆ. ಮುಂದಿನ ಭಾನುವಾರವೇ ಹೋದೆ. ಅರ್ಧ ಗೆದ್ದಲು ತಿಂದಿತ್ತು. ಉಳಿದುದನ್ನು ಒಂದು ಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಟ್ರಂಕು ಇದ್ದ ಜಾಗದಲ್ಲಿ ಅತ್ತಿಗೆಯವರು ಈಗ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ.