ಬಿಗ್‌ಬಾಸ್ ಮನೆಗೆ ಎರಡು ದಿನ, ಬೈರಮಂಗಲಕ್ಕೆ?

ಬಿಡದಿ ಎಂದರೆ ಒಂದು ಕಾಲಕ್ಕೆ ತಟ್ಟೆ ಇಡ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿ ಊರನ್ನು ಪಕ್ಕಕ್ಕೆ ತಳ್ಳಿದ ಮೇಲೆ ಇಡ್ಲಿ ಹೋಟೆಲುಗಳ ವ್ಯಾಪಾರ ಇಳಿಯಿತು. ಈಗ ಹೊರಗಿನವರ ಬಾಯಲ್ಲಿರುವುದು ಇಲ್ಲಿಯ ಸ್ಟುಡಿಯೊಗಳ ಹೆಸರು. ಬೆಳಿಗ್ಗೆ ಬಿಡದಿಯವರು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರೆ, ಅತ್ತ ಬೆಂಗಳೂರಿನಿಂದ ಲೈಟಿನವರು, ಮೇಕಪ್ಪಿನವರು, ಸೆಟ್ಟು ಕಟ್ಟುವ ಬಡಗಿಗಳು ಬಂದಿಳಿಯುತ್ತಾರೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಬಂಡೆಗಳು ಪಕ್ಕದ ರಾಮನಗರದಲ್ಲೇ ಇರುವಾಗ, ಈ ಸೀಮೆಗೆ ಬಣ್ಣದ ನಂಟು ಹೊಸದೇನೂ ಅಲ್ಲ.

ಈ ಸಂಭ್ರಮದ ನಡುವೆ 2025ರ ಅಕ್ಟೋಬರ್ 7ರ ಸಂಜೆ ಒಂದು ಪ್ರಸಂಗ ನಡೆಯಿತು. ಬಿಗ್‌ಬಾಸ್ ಕಾರ್ಯಕ್ರಮ ನಡೆಯುತ್ತಿದ್ದ ಸ್ಟುಡಿಯೊಗೆ ಅಧಿಕಾರಿಗಳು ಬೀಗ ಜಡಿದರು. ಅನುಮತಿ ಪಡೆದಿಲ್ಲ, ಕೊಳಚೆ ನೀರನ್ನು ಶುದ್ಧೀಕರಿಸದೆ ಹೊರಗೆ ಬಿಡುತ್ತಿದ್ದಾರೆ ಎಂಬುದು ಮಾಲಿನ್ಯ ನಿಯಂತ್ರಣ ಮಂಡಳಿಯ ಆಕ್ಷೇಪ. ಸ್ಪರ್ಧಿಗಳು ಗಂಟುಮೂಟೆ ಕಟ್ಟಿಕೊಂಡು ಹತ್ತಿರದ ರೆಸಾರ್ಟ್ ಸೇರಿದರು. ಆಮೇಲೆ ನೋಡಬೇಕಿತ್ತು ಸರ್ಕಾರಿ ಯಂತ್ರದ ಓಟ! ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಂದ ಜಿಲ್ಲಾಧಿಕಾರಿಗೆ ಸೂಚನೆ ಬಂತು. ತಪ್ಪು ತಿದ್ದಿಕೊಳ್ಳಲು ಸ್ಟುಡಿಯೊಗೆ ಅವಕಾಶವೂ ಸಿಕ್ಕಿತು. ಎರಡು ದಿನದಲ್ಲಿ ಬೀಗ ತೆಗೆದಾಗಿತ್ತು.

ಬೀಗ ತೆಗೆದದ್ದಕ್ಕೆ ಯಾರದೂ ತಕರಾರಿಲ್ಲ. ಒಂದು ದಿನ ಷೂಟಿಂಗ್ ನಿಂತರೆ ನಾಯಕನಿಗೇನೂ ಆಗದು, ದಿನಗೂಲಿಯ ಹುಡುಗರ ಹೊಟ್ಟೆಗೆ ಏಟು. ಬೀಗ ಹಾಕಿಸಿದ ಮಂಡಳಿಯನ್ನೂ ದೂರಬೇಕಾಗಿಲ್ಲ, ಅದು ತನ್ನ ಕೆಲಸ ಮಾಡಿತು.

ಆದರೆ ಬಿಡದಿಗೆ ಅಂಟಿಕೊಂಡಂತೆಯೇ ಬೈರಮಂಗಲ ಕೆರೆ ಇದೆ. ರೈತರ ಹೊಲಕ್ಕೆ ನೀರುಣಿಸಲೆಂದು ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಬೆಂಗಳೂರಿನ ಕಕ್ಕಸು, ಬಚ್ಚಲು, ಕಾರ್ಖಾನೆಗಳ ನೀರೆಲ್ಲ ಹೊಳೆಯಲ್ಲಿ ಹರಿದು ಅಲ್ಲಿಗೇ ಬಂದು ನಿಲ್ಲುತ್ತದೆ. ನೊರೆ ಎದ್ದು ದಡಕ್ಕೆ ಬರುತ್ತದೆ, ಗಾಳಿ ಬೀಸಿದರೆ ಊಟದ ತಟ್ಟೆ ಮುಂದೆ ಕೂರುವಂತಿಲ್ಲ. ಆ ನೀರಿನಲ್ಲೇ ಬೆಳೆ, ಅದೇ ಮೇವು ತಿಂದ ಹಸುವಿನ ಹಾಲು. ಅಲ್ಲಿಂದ ಮುಂದೆ ಅದು ಅರ್ಕಾವತಿ ಸೇರಿ, ಕಾವೇರಿಗೂ ಹೋಗುತ್ತದೆ. ಇದು ಎರಡು ದಿನದ ಮಾತಲ್ಲ, ಒಂದು ತಲೆಮಾರು ಮುಗಿದು ಇನ್ನೊಂದು ನಡೆಯುತ್ತಿದೆ.

ಅಲ್ಲಾ ಸ್ವಾಮಿ, ಒಂದು ಸ್ಟುಡಿಯೊದ ಬಚ್ಚಲು ನೀರಿಗೆ ಅನ್ವಯಿಸುವ 1974ರ ಜಲ ಕಾಯ್ದೆ, ಇಡೀ ಮಹಾನಗರದ ಕೊಳಚೆಗೆ ಅನ್ವಯಿಸುವುದಿಲ್ಲವೇ? ಕೆರೆಗೆ ಪ್ರಾಯೋಜಕರಿಲ್ಲ, ಸುತ್ತ ಕ್ಯಾಮೆರಾ ಇಲ್ಲ, ಅಲ್ಲಿಯವರು ಮನೆಯಿಂದ ಹೊರಬಿದ್ದರೆ ಯಾವ ವಾಹಿನಿಯೂ ತೋರಿಸುವುದಿಲ್ಲ. ಅಷ್ಟೇ ವ್ಯತ್ಯಾಸ.

ಮಾತು ಕೊಟ್ಟಂತೆ ಸ್ಟುಡಿಯೊದ ಶುದ್ಧೀಕರಣ ಘಟಕ ನಡೆಯುತ್ತಿದೆಯೇ, ಅಲ್ಲಿಂದ ಹೊರಡುವ ಟ್ಯಾಂಕರು ಎಲ್ಲಿಗೆ ಹೋಗಿ ಸುರಿಯುತ್ತದೆ ಎಂಬುದನ್ನು ತಿಂಗಳಿಗೊಮ್ಮೆ ಪುರಸಭೆಯ ನೋಟಿಸ್ ಬೋರ್ಡಿಗೆ ಹಾಕಲಿ. ಅದರ ಪಕ್ಕದಲ್ಲೇ ಬೈರಮಂಗಲದ ನೀರಿನ ಪರೀಕ್ಷೆಯ ವರದಿಯೂ ಇರಲಿ, ಕನ್ನಡದಲ್ಲಿ, ರೈತರಿಗೆ ತಿಳಿಯುವ ಹಾಗೆ. ಇದಕ್ಕೆ ಕೋಟಿ ಬೇಡ, ಎರಡು ಹಾಳೆ ಕಾಗದ ಸಾಕು. ಜಿಲ್ಲಾಧಿಕಾರಿಗಳು ಮೊದಲ ಹಾಳೆಯನ್ನು ಯಾವ ತಾರೀಕಿಗೆ ಅಂಟಿಸುತ್ತಾರೆ?