ಸಂಬಳದ ಚೀಟಿಯ ಬಲಗಡೆ

ಸರ್ಕಾರಿ ಶಾಲೆಯ ಮೇಷ್ಟರ ಸಂಬಳದ ಚೀಟಿಯಲ್ಲಿ ಒಂದು ಕಡೆ ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇರುತ್ತವೆ. ಇನ್ನೊಂದು ಕಡೆ ಕಡಿತಗಳು. ಆ ಕಡಿತಗಳ ಸಾಲಿನಲ್ಲಿ ಕೆ.ಜಿ.ಐ.ಡಿ. ಎಂಬ ನಾಲ್ಕು ಅಕ್ಷರಗಳಿವೆ. ಕೈಗೆ ಬಂದ ಮೊತ್ತ ನೋಡಿ, ‘ಇದೊಂದು ಹಿಡಿಯದಿದ್ದರೆ ಎಷ್ಟು ಚೆನ್ನಾಗಿತ್ತು’ ಎಂದು ಗೊಣಗದವರು ಸ್ಟಾಫ್ ರೂಮಿನಲ್ಲಿ ಕಡಿಮೆ. ಆದರೆ ಆ ಕಡಿತದ ಹಿಂದೆ ನೂರ ಮೂವತ್ತು ವರ್ಷ ದಾಟಿದ ಚರಿತ್ರೆಯಿದೆ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠವೂ ಇದೆ. ಈ ಅಂಕಣಕ್ಕೆ ವಿಮೆಯ ವಿಷಯ ಬಂದದ್ದು ಆ ಕಾರಣಕ್ಕೆ.

ಮೈಸೂರು ಸಂಸ್ಥಾನ ತನ್ನ ನೌಕರರಿಗೆಂದು ಜೀವವಿಮೆ ಆರಂಭಿಸಿದ್ದು 1891ರಲ್ಲಿ. ಆಗ ಹತ್ತನೆಯ ಚಾಮರಾಜ ಒಡೆಯರು ಮಹಾರಾಜರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಅದೇ ಮುಂದೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಯಿತು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆ ಕಾಲಕ್ಕೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹಾಗಾಗಿ ಈ ಸೌಲಭ್ಯ ನಮ್ಮ ಕಡೆಗೆ ಬರಲು ಅರವತ್ತು ವರ್ಷ ಹಿಡಿಯಿತು ಎನ್ನಬೇಕು.

ಈಗ ಗಣಿತಕ್ಕೆ ಬರೋಣ. ಒಂದು ನಾಣ್ಯವನ್ನು ಹತ್ತು ಸಲ ಚಿಮ್ಮಿಸಿದರೆ ಏಳು ಸಲ ತಲೆ ಬೀಳುವುದು ಆಶ್ಚರ್ಯವಲ್ಲ. ಸಾವಿರ ಸಲ ಚಿಮ್ಮಿಸಿ ಏಳುನೂರು ಸಲ ತಲೆ ಬಿದ್ದರೆ ನಾಣ್ಯವನ್ನೇ ಅನುಮಾನಿಸಬೇಕು. ವಿಮೆಯ ಗುಟ್ಟೂ ಇಷ್ಟೆ. ಒಂದು ವಯಸ್ಸಿನವರಲ್ಲಿ ವರ್ಷಕ್ಕೆ ಸಾವಿರಕ್ಕೆ ಇಬ್ಬರು ತೀರಿಕೊಳ್ಳುತ್ತಾರೆಂದು ಉದಾಹರಣೆಗಾಗಿ ಇಟ್ಟುಕೊಳ್ಳಿ. ನೂರು ನೌಕರರ ಗಿರಣಿಯಲ್ಲಿ ಐದು ವರ್ಷಕ್ಕೆ ಒಂದು ಸಾವೆಂಬ ಲೆಕ್ಕ ಬರುತ್ತದೆ. ಆದರೆ ಅದು ಯಾವ ವರ್ಷ, ಒಂದೇ ವರ್ಷ ಇಬ್ಬರೋ, ಯಾರೂ ಹೇಳಲಾರರು. ಒಂದು ಲಕ್ಷ ಜನರ ಗುಂಪಾದರೆ ನಿರೀಕ್ಷೆ 200. ಬಹುಪಾಲು ವರ್ಷಗಳಲ್ಲಿ ಆ ಸಂಖ್ಯೆ 170ರಿಂದ 230ರ ನಡುವೆಯೇ ನಿಲ್ಲುತ್ತದೆ. ಯಾರು ಎಂಬುದು ಗೊತ್ತಾಗದು, ಎಷ್ಟು ಎಂಬುದು ಗೊತ್ತಾಗುತ್ತದೆ. ಗೊತ್ತಾದ ಖರ್ಚನ್ನು ಎಲ್ಲರಿಗೂ ಹಂಚಬಹುದು.

ಈ ಲೆಕ್ಕಕ್ಕೆ ತಳಪಾಯ ಹಾಕಿದವರಲ್ಲಿ ಧೂಮಕೇತುವಿನ ಎಡ್ಮಂಡ್ ಹ್ಯಾಲಿ ಒಬ್ಬ. ಬ್ರೆಸ್ಲಾವ್ ಎಂಬ ಊರಿನ ಜನನ ಮರಣಗಳ ದಾಖಲೆ ಹಿಡಿದು 1693ರಲ್ಲಿ ಅವನು ಆಯುಷ್ಯದ ಕೋಷ್ಟಕ ಪ್ರಕಟಿಸಿದ. (ಅವನ ಧೂಮಕೇತು ಮತ್ತೆ ಬರುವುದು 2061ಕ್ಕೆ. ಈಗ ಎಂಟನೆಯ ತರಗತಿಯಲ್ಲಿರುವವರು ಆಗ ನನಗಿಂತ ಹೆಚ್ಚೇನೂ ಮುದುಕರಾಗಿರುವುದಿಲ್ಲ, ಮರೆಯದೆ ನೋಡಿ.) ಅರ್ಧ ಶತಮಾನದ ನಂತರ, 1740ರ ದಶಕದಲ್ಲಿ, ಸ್ಕಾಟ್ಲೆಂಡಿನ ಚರ್ಚಿನ ಪಾದ್ರಿಗಳು ತಮ್ಮ ವಿಧವೆಯರು, ಮಕ್ಕಳಿಗಾಗಿ ಒಂದು ನಿಧಿ ಕಟ್ಟಿದರು. ಅದರ ಲೆಕ್ಕ ಪರೀಕ್ಷಿಸಲು ನೆರವಾದವರು ಗಣಿತಜ್ಞ ಕಾಲಿನ್ ಮೆಕ್ಲಾರಿನ್. ಪಾದ್ರಿಗಳಿಗೆ ಅದು ಕಡ್ಡಾಯವಾಗಿತ್ತು, ನಮ್ಮ ಕೆ.ಜಿ.ಐ.ಡಿ.ಯಂತೆಯೇ.

ಕಡ್ಡಾಯ ಏಕೆ? ಇಷ್ಟವಿದ್ದವರು ಸೇರಿ ಎಂದರೆ ಮೊದಲು ಓಡಿ ಬರುವವರು ಆರೋಗ್ಯ ಕೆಟ್ಟವರು. ಖರ್ಚು ಏರುತ್ತದೆ, ಕಂತು ಏರುತ್ತದೆ, ಗಟ್ಟಿಮುಟ್ಟಾದವರು ಬಿಟ್ಟು ಹೋಗುತ್ತಾರೆ, ಕಂತು ಇನ್ನೂ ಏರುತ್ತದೆ. ಉದ್ಯೋಗದ ಕಾರಣದಿಂದ ಒಟ್ಟುಗೂಡಿದ ಗುಂಪಿನಲ್ಲಿ ಈ ತೊಂದರೆ ಕಡಿಮೆ. ಅವರು ಸೇರಿದ್ದು ಕೆಲಸಕ್ಕೆ, ವಿಮೆಗಲ್ಲ. ಅದಕ್ಕೇ ಗುಂಪು ವಿಮೆ ಅಗ್ಗ. ಆರೋಗ್ಯ ವಿಮೆಯನ್ನು ಒಬ್ಬರೇ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ, 2024ರ ನಿಯಮದಂತೆ, ಮೂರು ವರ್ಷದವರೆಗೂ ಇರಬಹುದು. ನೌಕರರ ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಆ ಕಾಯುವಿಕೆಯನ್ನು ಬಿಟ್ಟುಬಿಡುತ್ತಾರೆ. ಸಕ್ಕರೆ ಕಾಯಿಲೆಯ ತಂದೆತಾಯಿ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಕಾರ್ಖಾನೆಯವರಿಗೆ ಇ.ಎಸ್.ಐ. ಇದೆ. ಅದಕ್ಕೆ ಕಾನೂನಾದದ್ದು 1948ರಲ್ಲಿ. 1952ರ ಫೆಬ್ರುವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಆರಂಭವಾಯಿತು. ಹಾಗಾದರೆ ಹಗರಿಬೊಮ್ಮನಹಳ್ಳಿಯಲ್ಲಿ ಐದಾರು ಜನ ದುಡಿಯುವ ಅಂಗಡಿಗೆ, ಕೊಟ್ಟೂರಿನ ಮಂಡಿಯ ಗುಮಾಸ್ತನಿಗೆ, ಸಹಕಾರ ಸಂಘದ ಪಿಗ್ಮಿ ಸಂಗ್ರಹಗಾರನಿಗೆ ಏನಿದೆ? ಬಹಳ ಕಡೆ ಏನೂ ಇಲ್ಲ. ದುಡಿಯುವವನು ಬೈಕಿನಿಂದ ಬಿದ್ದರೆ ಮನೆಯ ಎಮ್ಮೆ ಮಾರಾಟವಾಗುತ್ತದೆ, ಮಗಳ ಪಿ.ಯು.ಸಿ. ನಿಲ್ಲುತ್ತದೆ.

ವಿಮಾ ಬ್ರೋಕರುಗಳಿಗೆ ಕೆಲಸವಿರುವುದು ಇಲ್ಲೇ. ಏಜೆಂಟರು ಕಂಪನಿಯ ಪ್ರತಿನಿಧಿ. ಬ್ರೋಕರು ಗಿರಾಕಿಯ ಪರವಾಗಿ ಹಲವು ಕಂಪನಿಗಳ ದರ ತೂಗಿ ನೋಡಬೇಕಾದವರು. 2002ರಿಂದ ಅವರಿಗೆ ಲೈಸೆನ್ಸಿನ ಕಟ್ಟುಪಾಡೂ ಇದೆ. ವ್ಯಾಪಾರ ಬೆಳೆಸಬೇಕೆಂದು ಅವರು ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲಲ್ಲೇ ಒಬ್ಬರನ್ನೊಬ್ಬರು ತಳ್ಳಾಡುವುದು ನನಗೆ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ. ಹದಿನೆಂಟು ಶಿಕ್ಷಕರ ಒಂದು ಖಾಸಗಿ ಶಾಲೆಗೆ ಬರಲಿ. ಮಾಲೀಕರ ಮುಂದೆ ಹೊಳೆಯುವ ಪುಸ್ತಿಕೆ ಇಡುವ ಬದಲು ಒಂದು ಲೆಕ್ಕ ಹಾಕಿ ತೋರಿಸಲಿ. ಬ್ಯಾಂಕುಗಳ ಮೂಲಕ 2015ರಲ್ಲಿ ಬಂದ ಜೀವನ್ ಜ್ಯೋತಿ ವಿಮೆಯ ಕಂತು 2022ರಲ್ಲಿ 436 ರೂಪಾಯಿಯಾಯಿತು, ಅಪಘಾತದ ಸುರಕ್ಷಾ ವಿಮೆಯದು 20 ರೂಪಾಯಿ. ಒಂದೊಂದರಲ್ಲೂ ಎರಡು ಲಕ್ಷದ ರಕ್ಷಣೆ. ಹದಿನೆಂಟು ಜನರಿಗೂ ಆಡಳಿತ ಮಂಡಳಿಯೇ ಭರಿಸಿದರೆ ಆ ದರದಲ್ಲಿ ವರ್ಷಕ್ಕೆ 8,208 ರೂಪಾಯಿ. ಶಾಲೆಯ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇದರಲ್ಲಿ ಬ್ರೋಕರಿಗೆ ಲಾಭವಿಲ್ಲ, ನಿಜ. ಆದರೆ ಲಾಭವಿಲ್ಲದ ಮಾತನ್ನು ಮೊದಲು ಹೇಳಿದವನ ಮುಂದಿನ ಮಾತಿಗೆ ನಮ್ಮ ಜನ ಕಿವಿಗೊಡುತ್ತಾರೆ. ಗುಂಪು ಆರೋಗ್ಯ ವಿಮೆಯ ಮಾತು ಆಗ ಬರಲಿ.

ಇನ್ನೊಂದು ವಿಷಯ. ಪಾಲಿಸಿ ಮಾಲೀಕರ ಬೀರುವಿನಲ್ಲಿ ಕೂತು, ನೌಕರನಿಗೆ ಅದಿದೆಯೆಂದೇ ಗೊತ್ತಿಲ್ಲದಿದ್ದರೆ ಮರುವರ್ಷ ಅದನ್ನು ನವೀಕರಿಸಿ ಎಂದು ಕೇಳುವವರು ಯಾರು? ವರ್ಷಕ್ಕೊಮ್ಮೆ ನೌಕರರನ್ನು ಕೂರಿಸಿ ಕನ್ನಡದಲ್ಲಿ ವಿವರಿಸಬೇಕು. ನಗದಿಲ್ಲದೆ ಚಿಕಿತ್ಸೆ ಸಿಗುವ ಆಸ್ಪತ್ರೆ ದಾವಣಗೆರೆಯಲ್ಲಿ, ಹೊಸಪೇಟೆಯಲ್ಲಿ, ಬಳ್ಳಾರಿಯಲ್ಲಿ ಯಾವುದೆಂದು ಬರೆದುಕೊಡಬೇಕು. ಬೆಂಗಳೂರಿನ ಆಸ್ಪತ್ರೆಗಳ ಉದ್ದನೆಯ ಪಟ್ಟಿ ಹಡಗಲಿಯವರಿಗೆ ರಾತ್ರಿ ಎರಡು ಗಂಟೆಗೆ ಏನು ಮಾಡೀತು! ಒಂದು ಕ್ಲೇಮಿನ ಕಾಗದಪತ್ರವನ್ನು ಬ್ರೋಕರು ತಾವೇ ಓಡಾಡಿ ಮುಗಿಸಿಕೊಟ್ಟರೆ, ಹತ್ತು ಅಂಗಡಿಗಳಿಗೆ ಆ ಸುದ್ದಿ ತಾನಾಗಿ ಮುಟ್ಟುತ್ತದೆ.

ಲೆಕ್ಕದಲ್ಲಿ ಚುರುಕಾದ ಮಕ್ಕಳಿಗೆ ಈ ಕ್ಷೇತ್ರದಲ್ಲಿ ಉದ್ಯೋಗವೂ ಉಂಟು. ಕಂತು ನಿರ್ಧರಿಸುವ ವಿಮಾಗಣಿತಜ್ಞರಿಗೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ಪರೀಕ್ಷೆಗಳನ್ನು ನಡೆಸುತ್ತದೆ. ಕಷ್ಟದ ಪರೀಕ್ಷೆಗಳು, ಆದರೆ ಡೊನೇಶನ್ ಸೀಟಿನ ಗೋಜಿಲ್ಲ.

ಪೋಷಕರಿಗೆ ಎರಡು ಮಾತು. ಮಗನೋ ಮಗಳೋ ಬೆಂಗಳೂರಿನಿಂದ ಆಫರ್ ಲೆಟರ್ ಕಳಿಸಿದಾಗ ಸಂಬಳದ ಅಂಕಿಯಷ್ಟನ್ನೇ ಓದಬೇಡಿ. ವಿಮೆ ಎಷ್ಟು, ತಂದೆತಾಯಿ ಅದರೊಳಗೆ ಸೇರಿದ್ದಾರೆಯೇ, ಕಂತನ್ನು ಸಿ.ಟಿ.ಸಿ.ಯಲ್ಲೇ ಸೇರಿಸಿ ಅಂಕಿ ಹಿಗ್ಗಿಸಿದ್ದಾರೆಯೇ ಎಂದು ಕೇಳಿ. ಕೆಲಸ ಬಿಟ್ಟ ದಿನ ಈ ರಕ್ಷಣೆ ಸಾಮಾನ್ಯವಾಗಿ ನಿಲ್ಲುತ್ತದೆ. ಆದರೆ ಅದೇ ಕಂಪನಿಯ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ರಾಜೀನಾಮೆ ಕೊಡುವ ಮೊದಲೇ ವಿಚಾರಿಸಬೇಕು. ಮದುವೆಯಾದ ಮೇಲೆ ನಾಮಿನಿ ಫಾರಂ ಬದಲಾಯಿಸಲು ಮರೆಯುವವರೂ ಬಹಳ. ಮೊದಲ ಕೆಲಸಕ್ಕೆ ಸೇರಿದ ದಿನ ಬರೆದ ಅಪ್ಪನ ಹೆಸರು, ಅಪ್ಪ ತೀರಿಕೊಂಡು ವರ್ಷಗಳಾದರೂ, ಎಷ್ಟೋ ಕಡತಗಳಲ್ಲಿ ಹಾಗೇ ಇರುತ್ತದೆ.