ಚರ್ಚಿನ ಮನೆಯಲ್ಲಿ ಪಾಲುಪಾರೀಕತ್ತು

2022ರ ಜೂನ್ 12ರಂದು ಅಮೆರಿಕದ ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ಪದವಿ ಪ್ರದಾನ ಸಮಾರಂಭ ನಡೆಯಿತು. ವೇದಿಕೆ ಹತ್ತಿದ ಹಲವು ವಿದ್ಯಾರ್ಥಿಗಳು ಹಂಗಾಮಿ ಅಧ್ಯಕ್ಷ ಪೀಟ್ ಮೆಂಜಾರೆಸ್ ಅವರ ಕೈ ಕುಲುಕಲಿಲ್ಲ. ಬದಲಿಗೆ ಪುಟ್ಟದೊಂದು ಕಾಮನಬಿಲ್ಲಿನ ಬಾವುಟವನ್ನು ಅವರ ಕೈಗಿತ್ತು ಮುಂದೆ ನಡೆದರು. ಒಬ್ಬರ ಹಿಂದೆ ಒಬ್ಬರು ಹೀಗೇ ಮಾಡಿದರು. ಅಧ್ಯಕ್ಷರು ಅವನ್ನೆಲ್ಲ ಇಸಿದುಕೊಂಡರು, ಬೇರೆ ದಾರಿಯೂ ಇರಲಿಲ್ಲ.

ಜಗಳ ಇದ್ದದ್ದು ನೌಕರಿಯ ನಿಯಮದ ಬಗ್ಗೆ. ಸಲಿಂಗ ಸಂಬಂಧದಲ್ಲಿರುವವರಿಗೆ ಅಲ್ಲಿ ಪೂರ್ಣಾವಧಿ ಕೆಲಸ ಇಲ್ಲ. ಇದನ್ನು ಬದಲಿಸಲು ಒಪ್ಪದ ಆಡಳಿತ ಮಂಡಳಿಯ ವಿರುದ್ಧ 2021ರ ಏಪ್ರಿಲ್‌ನಲ್ಲಿ ಅಧ್ಯಾಪಕರೇ ಅವಿಶ್ವಾಸ ಮತ ಹಾಕಿದ್ದರು. ಮಂಡಳಿ ಮತ್ತೊಂದು ವರ್ಷ ಯೋಚಿಸಿ, 2022ರ ಮೇ ತಿಂಗಳಲ್ಲಿ ನಿಯಮ ಹಾಗೆಯೇ ಇರಲಿ ಎಂದು ನಿರ್ಧರಿಸಿತು. ಮರುದಿನದಿಂದಲೇ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿ ಬಾಗಿಲಲ್ಲಿ ಧರಣಿ ಕೂತರು. ಮಂಡಳಿಯ ಹಟಕ್ಕೆ ಕಾರಣ ಬೈಬಲ್ ಮಾತ್ರವಲ್ಲ. ನಿಯಮ ಬದಲಾದರೆ ಕಾಲೇಜಿನ ಸಂಬಂಧ ಕಡಿದುಕೊಳ್ಳುವುದಾಗಿ ಅದರ ಮೂಲ ಸಭೆಯಾದ ಫ್ರೀ ಮೆಥೊಡಿಸ್ಟ್ ಚರ್ಚ್ ಸ್ಪಷ್ಟವಾಗಿ ಹೇಳಿತ್ತು.

ಇಂಥ ಸುದ್ದಿ ಬಂದಾಗ ಧರ್ಮ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಎಂದು ಗೆರೆ ಎಳೆದುಬಿಡುವುದು ಸುಲಭ. ಆ ಗೆರೆ ಸುಳ್ಳು. ಅಲ್ಲಿ ಧರಣಿ ಕೂತವರು ಹೊರಗಿನವರಾಗಿರಲಿಲ್ಲ. ಕ್ರೈಸ್ತ ಕಾಲೇಜನ್ನು ಆಯ್ದುಕೊಂಡು ಬಂದ ಮಕ್ಕಳೇ ಅವರು. ಚರ್ಚುಗಳ ಒಳಗೆ, ಚರ್ಚ್ ನಡೆಸುವ ಕಾಲೇಜುಗಳ ಒಳಗೆ ಲೈಂಗಿಕ ಅಲ್ಪಸಂಖ್ಯಾತರ ಪರವಾಗಿ ನಡೆದಿರುವ ಅರ್ಧ ಶತಮಾನದ ಹೋರಾಟ ಹೊರಗಿನವರ ದಾಳಿಯಲ್ಲ, ಮನೆಯವರದೇ ವ್ಯಾಜ್ಯ. ಮನೆ ವ್ಯಾಜ್ಯ ತೀರ್ಮಾನವಾಗುವುದು ಯಾರ ಮಾತಿನಲ್ಲಿ ನ್ಯಾಯವಿದೆ ಎಂಬುದರಿಂದಲ್ಲ. ಪತ್ರ ಯಾರ ಹೆಸರಿನಲ್ಲಿದೆ, ಪಾಲು ಎಷ್ಟು ಜನಕ್ಕೆ ಎಂಬುದರಿಂದ.

ಮೆಲ್ ವೈಟ್ ಅವರ ಕತೆ ಇದಕ್ಕೆ ತಕ್ಕ ನಿದರ್ಶನ. ಅಮೆರಿಕದ ಕಟ್ಟಾ ಸಂಪ್ರದಾಯವಾದಿ ಪಾದ್ರಿ ಜೆರಿ ಫಾಲ್ವೆಲ್ ಅವರ ಆತ್ಮಕತೆಯನ್ನು ತೆರೆಮರೆಯಲ್ಲಿ ಕೂತು ಬರೆದುಕೊಟ್ಟವರು ಈ ವೈಟ್. ಮುಂದೆ ತಾವು ಸಲಿಂಗಪ್ರೇಮಿ ಎಂದು ಬಹಿರಂಗವಾಗಿ ಹೇಳಿಕೊಂಡರು. 1998ರಲ್ಲಿ ಗಾಂಧಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ಅಹಿಂಸಾ ಮಾರ್ಗವನ್ನು ನಂಬಿ ‘ಸೋಲ್‌ಫೋರ್ಸ್’ ಸಂಘಟನೆ ಕಟ್ಟಿದರು. ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ: ಲಿಂಚ್‌ಬರ್ಗ್ ಊರಿನಲ್ಲಿ ಫಾಲ್ವೆಲ್ ಅವರ ಚರ್ಚಿನ ಎದುರಿಗೇ ಸಂಗಾತಿಯೊಂದಿಗೆ ಮನೆ ಮಾಡಿದರು. ಭಾನುವಾರದ ಆರಾಧನೆಗೂ ಹೋಗಿ ಕೂರುತ್ತಿದ್ದರು. 2006ರಲ್ಲಿ ಇದೇ ಸಂಘಟನೆಯ ಯುವಕ ಯುವತಿಯರು ಬಸ್ಸು ಹತ್ತಿ ದೇಶದ ಹಲವು ಕ್ರೈಸ್ತ ಕಾಲೇಜುಗಳ ಬಾಗಿಲಿಗೆ ಹೋದರು. ಕೆಲವು ಕಾಲೇಜುಗಳು ಒಳಗೆ ಕರೆದು ಮಾತನಾಡಿಸಿದವು. ಫಾಲ್ವೆಲ್ ಕಟ್ಟಿದ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಆವರಣಕ್ಕೆ ಕಾಲಿಟ್ಟವರನ್ನು ಅತಿಕ್ರಮ ಪ್ರವೇಶದ ಆರೋಪದಲ್ಲಿ ಬಂಧಿಸಲಾಯಿತು.

ಪಾಲಿನ ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಯುನೈಟೆಡ್ ಮೆಥೊಡಿಸ್ಟ್ ಚರ್ಚಿನ ಚರಿತ್ರೆ ತೆಗೆಯಬೇಕು. ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡಗಳಲ್ಲಿ ಅದೂ ಒಂದು. ನಾಲ್ಕು ವರ್ಷಕ್ಕೊಮ್ಮೆ ಸೇರುವ ಮಹಾಸಮ್ಮೇಳನದ ಮತವೇ ಅದಕ್ಕೆ ಶಾಸನ. ಸಲಿಂಗಕಾಮ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂಬ ಸಾಲು 1972ರಲ್ಲಿ ಅದರ ನಿಯಮಾವಳಿಗೆ ಸೇರಿತು. 1984ರಲ್ಲಿ ಅಂಥವರಿಗೆ ಪಾದ್ರಿ ದೀಕ್ಷೆ ಇಲ್ಲವೆಂದಾಯಿತು. ಆಮೇಲೆ ಶುರುವಾದದ್ದು ಚರ್ಚ್ ನ್ಯಾಯಾಲಯದ ವಿಚಾರಣೆಗಳ ಕಾಲ. ತಾನು ಇನ್ನೊಬ್ಬ ಮಹಿಳೆಯೊಂದಿಗೆ ಬಾಳುತ್ತಿದ್ದೇನೆ ಎಂದು ತನ್ನ ಸಭೆಗೇ ತಿಳಿಸಿದ ಬೆತ್ ಸ್ಟ್ರೌಡ್ ಎಂಬ ಪಾದ್ರಿ 2004ರಲ್ಲಿ ವಿಚಾರಣೆ ಎದುರಿಸಿ ದೀಕ್ಷೆ ಕಳೆದುಕೊಂಡರು. ಪೆನ್ಸಿಲ್ವೇನಿಯಾದ ಫ್ರಾಂಕ್ ಶೇಫರ್ ಎಂಬ ಪಾದ್ರಿ 2007ರಲ್ಲಿ ತಮ್ಮ ಮಗನಿಗೆ ಇನ್ನೊಬ್ಬ ಯುವಕನೊಂದಿಗೆ ತಾವೇ ಮದುವೆ ಮಾಡಿಸಿದ್ದರು. ಚರ್ಚ್ ಕಾನೂನಿನಲ್ಲಿ ದೂರು ಕೊಡಲು ಆರು ವರ್ಷದ ಗಡುವು ಇದೆ. ಗಡುವು ಮುಗಿಯಲು ಇನ್ನೇನು ಕೆಲವೇ ದಿನ ಎನ್ನುವಾಗ ದೂರು ಬಿತ್ತು. 2013ರ ಡಿಸೆಂಬರ್‌ನಲ್ಲಿ ಅವರ ಪಾದ್ರಿಗಿರಿ ಹೋಯಿತು, ಮರುವರ್ಷ ಮೇಲ್ಮನವಿಯಲ್ಲಿ ಮರಳಿ ಬಂತು. ಮಗನ ಮದುವೆಗೆ ಮಂತ್ರ ಹೇಳಿದ ಅಪ್ಪನನ್ನು ಕಟಕಟೆಗೆ ಹತ್ತಿಸಿದ್ದು ಚರ್ಚಿಗೆ ಹೆಸರು ತಂದಿತು ಎಂದು ಸಂಪ್ರದಾಯವಾದಿಗಳೂ ಹೇಳಲಿಕ್ಕಿಲ್ಲ.

2019ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇದಕ್ಕೆಂದೇ ವಿಶೇಷ ಸಮ್ಮೇಳನ ಕರೆದರು. ನಿಷೇಧ ಸಡಿಲಿಸುವ ಬದಲು ಬಿಗಿ ಮಾಡುವ ಯೋಜನೆ 438–384 ಮತಗಳಿಂದ ಗೆದ್ದಿತು. ಅಮೆರಿಕದ ಸಂಪ್ರದಾಯವಾದಿಗಳ ಜೊತೆ ಆಫ್ರಿಕಾದ ಪ್ರತಿನಿಧಿಗಳು ನಿಂತದ್ದರಿಂದ ಬಂದ ಗೆಲುವು ಅದು. ಆಫ್ರಿಕಾಕ್ಕೆ ಹೋಗಿ ಲೈಂಗಿಕ ಶಿಸ್ತಿನ ಪಾಠ ಹೇಳಿಕೊಟ್ಟವರು ಪಶ್ಚಿಮದ ಮಿಷನರಿಗಳೇ. ಕಲಿತವರು ಅದನ್ನು ಕಲಿಸಿದವರಿಗೇ ತಿರುಗಿಸಿ ಹೇಳಿದರು. ಆಫ್ರಿಕನ್ನರು ಇನ್ನೂ ಹಿಂದುಳಿದಿದ್ದಾರೆ ಎಂದು ಕೆಲವು ಉದಾರವಾದಿಗಳು ಆಗ ಮೂಗು ಮುರಿದರು. ಸಾಮ್ರಾಜ್ಯದ ಕಾಲದ ಮೂಗೇ ಅದು, ಮುರಿಯುವ ದಿಕ್ಕು ಮಾತ್ರ ಬದಲಾಗಿದೆ.

ಆಶ್ಚರ್ಯವೆಂದರೆ, ಗೆದ್ದವರೇ ಮನೆ ಬಿಟ್ಟರು. ಮೆಥೊಡಿಸ್ಟ್ ಸಭೆಗಳ ಕಟ್ಟಡ, ಜಮೀನು ಎಲ್ಲವೂ ಪಂಗಡದ ಟ್ರಸ್ಟಿಗೆ ಸೇರಿದ್ದು. ಊರಿನ ಸಭೆ ಬೇಕೆಂದಾಗ ಕಟ್ಟಡ ಹೊತ್ತುಕೊಂಡು ಹೋಗುವಂತಿಲ್ಲ. 2019ರ ಸಮ್ಮೇಳನ ತಾತ್ಕಾಲಿಕವಾಗಿ ಒಂದು ಕಿಟಕಿ ತೆರೆಯಿತು. ಸಭೆಯಲ್ಲಿ ಮೂರನೇ ಎರಡರಷ್ಟು ಮತ ಇರಬೇಕು, ಬಾಕಿ ವಂತಿಗೆ ಮತ್ತು ಇನ್ನೊಂದು ವರ್ಷದ ವಂತಿಗೆ ಕಟ್ಟಬೇಕು, ಪಾದ್ರಿಗಳ ಪಿಂಚಣಿಯ ಪಾಲನ್ನು ತೀರಿಸಬೇಕು. ಇಷ್ಟಾದರೆ ಆಸ್ತಿ ಸಮೇತ ಹೊರಡಬಹುದು, ಗಡುವು 2023ರ ಡಿಸೆಂಬರ್ 31. ನಮ್ಮ ಹಳ್ಳಿಗಳ ಪಾಲುಪಾರೀಕತ್ತಿಗೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ನಿಷೇಧ ಕಾಗದದಲ್ಲಿದ್ದರೂ ಅನೇಕ ಬಿಷಪ್‌ಗಳು ಅದನ್ನು ಜಾರಿ ಮಾಡುತ್ತಿಲ್ಲ ಎಂದು ಸಿಟ್ಟಾಗಿದ್ದ 7,600ಕ್ಕೂ ಹೆಚ್ಚು ಸಭೆಗಳು, ಅಂದರೆ ಅಮೆರಿಕದ ಒಟ್ಟು ಸಭೆಗಳಲ್ಲಿ ಸುಮಾರು ಕಾಲು ಭಾಗ, ಈ ದಾರಿಯಲ್ಲಿ ಹೊರಬಿದ್ದವು. ಅವುಗಳಲ್ಲಿ ಹಲವು 2022ರಲ್ಲಿ ಹುಟ್ಟಿದ ಗ್ಲೋಬಲ್ ಮೆಥೊಡಿಸ್ಟ್ ಚರ್ಚ್ ಸೇರಿದವು.

ಹಾಗಾಗಿ 2024ರ ಮೇ 1ರಂದು ಶಾರ್ಲೆಟ್ ಸಮ್ಮೇಳನದಲ್ಲಿ ಪಾದ್ರಿ ದೀಕ್ಷೆಯ ನಿಷೇಧ 692–51 ಮತಗಳಿಂದ ಬಿದ್ದುಹೋದದ್ದು ಕಂಡು, ಐದೇ ವರ್ಷದಲ್ಲಿ ಮನಸ್ಸುಗಳು ಬದಲಾದವು ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮನಸ್ಸು ಬದಲಾಗದವರು ಅಷ್ಟರಲ್ಲಿ ಎದ್ದು ಹೋಗಿದ್ದರು. ಮರುದಿನ 1972ರ ಸಾಲೂ ಹೋಯಿತು. ಅದೇ ತಿಂಗಳು ಬೆತ್ ಸ್ಟ್ರೌಡ್ ಅವರಿಗೆ ದೀಕ್ಷೆ ಮರಳಿತು. ನಡುವೆ ಇಪ್ಪತ್ತು ವರ್ಷ ಕಳೆದಿತ್ತು. ಅದೇ ತಿಂಗಳ ಕೊನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಐವರಿ ಕೋಸ್ಟಿನ ಮೆಥೊಡಿಸ್ಟರು ಪಂಗಡ ಬಿಡಲು ಮತ ಹಾಕಿದರು. ಇದು ಗೆಲುವು ಹೌದು. ಮಗಳು ಪಾದ್ರಿಯಾಗಬಹುದು, ಮಗನ ಮದುವೆ ಚರ್ಚಿನಲ್ಲೇ ಆಗಬಹುದು ಎಂದು ಕಾದಿದ್ದ ಕುಟುಂಬಗಳಿಗೆ ಸಣ್ಣ ಗೆಲುವೇನಲ್ಲ. ಆದರೆ ಹೊರಟುಹೋದ ಸಭೆಗಳಲ್ಲೂ ಬೆಂಚಿನ ಮೇಲೆ ಹದಿನೈದು ವರ್ಷದ ಒಬ್ಬ ಹುಡುಗನೋ ಹುಡುಗಿಯೋ ಕೂತಿರುತ್ತಾರೆ. ಶಾರ್ಲೆಟ್‌ನ ಮತದಿಂದ ಆ ಮಕ್ಕಳಿಗೆ ಏನೂ ಸಿಗಲಿಲ್ಲ. ಅವರ ಪರವಾಗಿ ಒಳಗಿನಿಂದ ಮಾತನಾಡುತ್ತಿದ್ದ ಪಂಗಡದ ನಂಟೂ ಕಡಿಯಿತು.

ಕಾಲೇಜುಗಳ ಮಾತು ಬೇರೆ. ಅಲ್ಲಿ ಮತದಾನವಿಲ್ಲ, ಟ್ರಸ್ಟಿಗಳಿದ್ದಾರೆ. ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಹೊರಡುತ್ತಾನೆ, ಟ್ರಸ್ಟಿ ಅಲ್ಲೇ ಇರುತ್ತಾನೆ. ಸುಮ್ಮನೆ ಕಾಯುವುದೇ ಮಂಡಳಿಗಳ ಅತಿ ದೊಡ್ಡ ಅಸ್ತ್ರ. ಜೊತೆಗೆ ಕಾನೂನಿನ ಬೆಂಬಲವೂ ಇದೆ. ಮೆಥೊಡಿಸ್ಟರು ಆ ಸಾಲು ಬರೆದ 1972ರಲ್ಲೇ ಅಮೆರಿಕದ ಸಂಸತ್ತು ‘ಟೈಟಲ್ ನೈನ್’ ಕಾನೂನು ತಂದಿತು. ಸರ್ಕಾರಿ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ಕೂಡದು ಎನ್ನುವ ಆ ಕಾನೂನಿನಲ್ಲೇ, ಧಾರ್ಮಿಕ ಸಂಸ್ಥೆಗಳ ಹಿಡಿತದಲ್ಲಿರುವ ಕಾಲೇಜುಗಳ ನಂಬಿಕೆಗೆ ಅಡ್ಡಿಯಾಗುವಲ್ಲಿ ವಿನಾಯಿತಿ ಇದೆ. ಸರ್ಕಾರದ ಹಣವೂ ಬೇಕು, ವಿನಾಯಿತಿಯೂ ಬೇಕು ಎಂದರೆ ಎರಡೂ ಸಿಗುತ್ತವೆ. ಈ ವಿನಾಯಿತಿಯೇ ಸಂವಿಧಾನ ವಿರೋಧಿ ಎಂದು 2021ರಲ್ಲಿ ಮೂವತ್ತಕ್ಕೂ ಹೆಚ್ಚು ಹಾಲಿ, ಮಾಜಿ ವಿದ್ಯಾರ್ಥಿಗಳು ಆರೆಗಾನ್‌ನ ಫೆಡರಲ್ ಕೋರ್ಟಿಗೆ ಹೋದರು. 2023ರಲ್ಲಿ ದಾವೆ ವಜಾ ಆಯಿತು, 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಜಾವನ್ನೇ ಎತ್ತಿಹಿಡಿಯಿತು.

ಕಾಲೇಜುಗಳಿಗೂ ಒಂದು ಭಯವಿದೆ, ಅದು ಪೂರ್ತಿ ಕಾಲ್ಪನಿಕವಲ್ಲ. ಬೇರೆ ಬೇರೆ ಜನಾಂಗದ ಹುಡುಗ ಹುಡುಗಿಯರು ಒಡನಾಡುವುದನ್ನು ಬೈಬಲಿನ ಹೆಸರಲ್ಲಿ ನಿಷೇಧಿಸಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾಲಯಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂದು 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. 2015ರಲ್ಲಿ ಸಲಿಂಗ ವಿವಾಹದ ಮೊಕದ್ದಮೆಯ ವಾದದ ನಡುವೆ ನ್ಯಾಯಮೂರ್ತಿ ಅಲಿಟೊ, ಇದೇ ತರ್ಕ ನಾಳೆ ಸಲಿಂಗ ವಿವಾಹವನ್ನು ಒಪ್ಪದ ಕಾಲೇಜುಗಳಿಗೂ ಅನ್ವಯಿಸುತ್ತದೆಯೇ ಎಂದು ಕೇಳಿದರು. ಅದೊಂದು ಪ್ರಶ್ನೆಯಾಗಬಹುದು ಎಂದು ಸರ್ಕಾರದ ವಕೀಲರು ಒಪ್ಪಿಕೊಂಡದ್ದೇ ತಡ, ಕ್ರೈಸ್ತ ಕಾಲೇಜುಗಳಲ್ಲಿ ಗಾಬರಿ ಹರಡಿತು.

ಆ ಗಾಬರಿಯ ವರ್ಷದಲ್ಲೇ ಬೇರೆ ದಾರಿ ಹಿಡಿದವರೂ ಇದ್ದರು. ಮೆನೊನೈಟ್ ಪಂಗಡದ ಗೋಶೆನ್ ಕಾಲೇಜು ಮತ್ತು ಈಸ್ಟರ್ನ್ ಮೆನೊನೈಟ್ ವಿಶ್ವವಿದ್ಯಾಲಯ 2015ರ ಜುಲೈನಲ್ಲಿ ಸಲಿಂಗ ವಿವಾಹಿತರನ್ನೂ ನೌಕರಿಗೆ ತೆಗೆದುಕೊಳ್ಳಲು ನಿರ್ಧರಿಸಿದವು. ಕೂಡಲೇ ಕ್ರೈಸ್ತ ಕಾಲೇಜುಗಳ ಒಕ್ಕೂಟದಲ್ಲಿ ಬಿರುಕು ಬಿಟ್ಟಿತು. ಇವರನ್ನು ತಕ್ಷಣ ಹೊರಹಾಕಿಲ್ಲವೆಂದು ಬೇರೆ ಎರಡು ಕಾಲೇಜುಗಳು ತಾವೇ ಹೊರನಡೆದವು. ಒಕ್ಕೂಟ ಇನ್ನಷ್ಟು ಒಡೆಯದಿರಲಿ ಎಂದು ಮೆನೊನೈಟರು ಸೆಪ್ಟೆಂಬರ್‌ನಲ್ಲಿ ಸದಸ್ಯತ್ವ ಬಿಟ್ಟುಕೊಟ್ಟರು.

ಆದರೂ ನನ್ನ ಮಟ್ಟಿಗೆ ಹೆಚ್ಚು ಅನುಸರಣೀಯ ಮಾದರಿ ಅದಕ್ಕಿಂತ ಹಳೆಯದು. ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ಜೆಸ್ಯೂಟರೆಂಬ ಕ್ಯಾಥೊಲಿಕ್ ಪಾದ್ರಿಗಳ ವಿಶ್ವವಿದ್ಯಾಲಯ. ಸಲಿಂಗಿಗಳ ವಿದ್ಯಾರ್ಥಿ ಸಂಘಕ್ಕೆ ಅದು ಮಾನ್ಯತೆ ಕೊಡದಿದ್ದಾಗ 1980ರಲ್ಲಿ ಸಂಘ ಕೋರ್ಟಿಗೆ ಹೋಯಿತು. 1987ರ ತೀರ್ಪು ಎರಡೂ ಕಡೆಗೆ ಪೂರ್ತಿ ಸಮಾಧಾನ ಕೊಡಲಿಲ್ಲ: ನಂಬಿಕೆಗೆ ವಿರುದ್ಧವಾದದ್ದನ್ನು ಬಾಯಿಬಿಟ್ಟು ಒಪ್ಪಿಕೋ ಎಂದು ಕ್ಯಾಥೊಲಿಕ್ ಕಾಲೇಜನ್ನು ಬಲವಂತ ಮಾಡುವಂತಿಲ್ಲ, ಆದರೆ ಬೇರೆ ಸಂಘಗಳಿಗೆ ಕೊಡುವ ಅಂಚೆಪೆಟ್ಟಿಗೆ, ಹಣಕ್ಕೆ ಅರ್ಜಿ ಹಾಕುವ ಅವಕಾಶದಂಥ ಸೌಲಭ್ಯಗಳನ್ನು ಈ ಸಂಘಕ್ಕೂ ಕೊಡಬೇಕು. ವಿಶ್ವವಿದ್ಯಾಲಯ ಮೇಲ್ಮನವಿಗೆ ಹೋಗದೆ ಒಪ್ಪಿಕೊಂಡಿತು. ಒಪ್ಪಿಗೆ ಬೇರೆ, ಸೌಲಭ್ಯ ಬೇರೆ ಎಂದು ಬಿಡಿಸಿದ ಈ ಸೂತ್ರ ಯಾರ ಘೋಷಣೆಗೂ ವಸ್ತುವಾಗಲಿಲ್ಲ. ಆದರೆ ಸೌಲಭ್ಯ ಸಿಕ್ಕಿತು, ಕೂತು ಮಾತನಾಡುವ ಅಭ್ಯಾಸ ಬೆಳೆಯಿತು. ಆವರಣದಲ್ಲಿ ಹಲ್ಲೆಗಳಾದಾಗ ವಿದ್ಯಾರ್ಥಿಗಳು ಸಂಘಟಿತರಾಗಿ ಎದ್ದು ನಿಂತರು. 2008ರಲ್ಲಿ ಜಾರ್ಜ್‌ಟೌನ್ ಯಾವ ಕೋರ್ಟಿನ ಆದೇಶವೂ ಇಲ್ಲದೆ ಎಲ್‌ಜಿಬಿಟಿ ವಿದ್ಯಾರ್ಥಿಗಳಿಗಾಗಿ ಕೇಂದ್ರವೊಂದನ್ನು ತೆರೆಯಿತು. ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಲ್ಲಿ ಅಂಥದ್ದು ಅದೇ ಮೊದಲು. ಕ್ಯಾಥೊಲಿಕ್ ಬೋಧನೆ ಒಂದಕ್ಷರವೂ ಬದಲಾಗಿರಲಿಲ್ಲ.

ಟೆಕ್ಸಸ್‌ನ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯ ಬೇಲರ್ 2022ರಲ್ಲಿ ಇಂಥದ್ದೇ ಸಂಘಕ್ಕೆ ಅನುಮತಿ ಕೊಟ್ಟಾಗ ಅದೂ ಈ ದಾರಿಗೆ ಬಂತು ಅನ್ನಿಸಿತ್ತು. ಲೈಂಗಿಕ ಅಲ್ಪಸಂಖ್ಯಾತರು ಮತ್ತು ಮಹಿಳೆಯರು ಚರ್ಚಿನಲ್ಲಿ ಎಷ್ಟರಮಟ್ಟಿಗೆ ಒಳಗಿನವರಾಗಿದ್ದಾರೆ ಎಂದು ಅಧ್ಯಯನ ಮಾಡಲು ಬಂದಿದ್ದ 6.43 ಲಕ್ಷ ಡಾಲರ್ ಅನುದಾನವನ್ನು, ಸಂಪ್ರದಾಯವಾದಿಗಳ ಟೀಕೆ ಏಳುತ್ತಲೇ, 2025ರ ಜುಲೈನಲ್ಲಿ ಅದೇ ಬೇಲರ್ ಹಿಂದಿರುಗಿಸಿತು. ಹಣ ಕೊಟ್ಟದ್ದು ಹೊರಗಿನವರಲ್ಲ, ಬ್ಯಾಪ್ಟಿಸ್ಟ್ ಕುಟುಂಬವೊಂದರ ಪ್ರತಿಷ್ಠಾನ. ಒಪ್ಪಿಕೊಳ್ಳುವುದು ಹಾಗಿರಲಿ, ಎಣಿಸಿ ನೋಡುವುದಕ್ಕೂ ಹೆದರಿಕೆ.

ನಮಗೂ ಇದಕ್ಕೂ ಏನು ಸಂಬಂಧ? ಕೋಲಾರ, ಬೀದರ್‌ಗಳಲ್ಲಿ ಚರ್ಚು, ಶಾಲೆ, ಆಸ್ಪತ್ರೆ ಕಟ್ಟಿದವರು ಅಮೆರಿಕದ ಮೆಥೊಡಿಸ್ಟರೇ. ಆದರೆ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ 1981ರಿಂದ ಸ್ವತಂತ್ರ, ಶಾರ್ಲೆಟ್‌ನ ಮತ ಇಲ್ಲಿಯ ಸಭೆಗಳನ್ನು ಕಟ್ಟಿಹಾಕುವುದಿಲ್ಲ. ಭಾರತದ ಕ್ರೈಸ್ತರದ್ದೂ ಒಂದೇ ದನಿಯಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಮಿನ ಹಲ್ಲನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಕಿತ್ತಾಗ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಉತ್ಕಲ್ ಕ್ರಿಶ್ಚಿಯನ್ ಕೌನ್ಸಿಲ್‌ನಂಥ ಸಂಸ್ಥೆಗಳಿದ್ದವು. 2013ರಲ್ಲಿ ಆ ಕಲಮು ಮತ್ತೆ ಜೀವ ಪಡೆದಾಗ, ಸಲಿಂಗಿಗಳನ್ನು ನಾವು ಎಂದೂ ಅಪರಾಧಿಗಳೆಂದು ಕಂಡಿಲ್ಲ ಎಂದು ಹೇಳಿದವರು ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್.

ನಮ್ಮ ಕ್ರೈಸ್ತ ಕಾಲೇಜುಗಳ ಚಿತ್ರ ಅಮೆರಿಕದ್ದಕ್ಕಿಂತ ಭಿನ್ನ. ಬೆಂಗಳೂರು, ಮಂಗಳೂರುಗಳ ಇಂಥ ಕಾಲೇಜುಗಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಂಬಿಕೆ ಹುಡುಕಿಕೊಂಡಲ್ಲ, ಸೀಟು ಹುಡುಕಿಕೊಂಡು ಬಂದವರು. ಸಂವಿಧಾನದ 30ನೇ ವಿಧಿ ಕೊಟ್ಟ ಅಲ್ಪಸಂಖ್ಯಾತರ ಆಡಳಿತದ ಹಕ್ಕು ಅಮೂಲ್ಯ, ಈಗಿನ ದಿನಗಳಲ್ಲಂತೂ ಅದನ್ನು ಕಾಪಾಡಿಕೊಳ್ಳಲೇಬೇಕು. ಅದರ ನೆರಳಲ್ಲಿ ಒಬ್ಬ ವಿದ್ಯಾರ್ಥಿಯ ನಡಿಗೆಯನ್ನೋ ದನಿಯನ್ನೋ ಇಡೀ ತರಗತಿ ಗೇಲಿ ಮಾಡುವುದನ್ನು ಕಂಡೂ ಕಾಣದಂತಿರಲು ಅವಕಾಶವಿಲ್ಲ. ಯುಜಿಸಿಯ ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ಬಂದ ತಿದ್ದುಪಡಿ ಈ ಮಾತನ್ನು ನೇರವಾಗಿಯೇ ಹೇಳುತ್ತದೆ. ಜಾತಿ, ಧರ್ಮ, ಬಣ್ಣಗಳ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರೆಂಬ ಕಾರಣಕ್ಕೆ, ಲೈಂಗಿಕ ಒಲವಿನ ಕಾರಣಕ್ಕೆ ಕಾಡುವುದು, ದೂರವಿಡುವುದೂ ರ‍್ಯಾಗಿಂಗ್. ಪ್ರತಿ ವರ್ಷ ಪ್ರವೇಶದ ಹೊತ್ತಿನಲ್ಲಿ ವಿದ್ಯಾರ್ಥಿ ಮತ್ತು ಪೋಷಕರು ಈ ನಿಯಮಗಳನ್ನು ಓದಿ ಅರ್ಥ ಮಾಡಿಕೊಂಡಿದ್ದೇವೆ ಎಂದು ಮುಚ್ಚಳಿಕೆಗೆ ಸಹಿ ಹಾಕುತ್ತಾರೆ. ಶುಲ್ಕದ ಚಲನ್, ಫೋಟೊಗಳ ನಡುವೆ ಅದೂ ಒಂದು ಕಾಗದವಾಗಿ ಫೈಲಿಗೆ ಸೇರುತ್ತದೆ. ಆ ಪಟ್ಟಿಯನ್ನು ಮೊದಲ ದಿನದ ಸಭೆಯಲ್ಲಿ ಪೂರ್ತಿ ಓದಿಸಲು, ದೂರು ಎಲ್ಲಿ ಕೊಡಬೇಕೆಂದು ಹೇಳಲು, ಬಂದ ದೂರನ್ನು ಮನೆಗೆ ತಿಳಿಸದೆ ಗುಟ್ಟಾಗಿ ವಿಚಾರಿಸಲು ಪ್ರಾಂಶುಪಾಲರೊಬ್ಬರಿಗೆ ಬಿಷಪ್ ಅವರ ಅಪ್ಪಣೆ ಬೇಕಿಲ್ಲ, ಯಾವ ಮಹಾಸಮ್ಮೇಳನದ ಮತವೂ ಬೇಕಿಲ್ಲ.